ಬುಟ್ಟಿಯಲ್ಲಿ ಉಳಿದ ನುಗ್ಗೆಕಾಯಿ

ಬದನೆಕಾಯಿ ಪಲ್ಯದ ಎರಡನೆಯ ತುತ್ತಿಗೇ ಈಶ್ವರ ವೈದ್ಯರ ತುಟಿ ಊದಿಕೊಂಡಿತು. ಕುತ್ತಿಗೆಯ ಮೇಲೆ ದದ್ದೆದ್ದವು, ಉಸಿರು ಶಿಳ್ಳೆ ಹಾಕತೊಡಗಿತು. ಅರ್ಧ ಗಂಟೆ ಮೊದಲು ಸಯನ್ ಬಡಾವಣೆಯ ಮಹಾದೇವಿಯ ಮನೆಯ ಅದೇ ಹಾಲ್‌ನಲ್ಲಿ ಅವರು ಭಾಷಣ ಮಾಡಿದ್ದರು: ತಮ್ಮ ಪುಡಿ ಎಂಥ ಅಲರ್ಜಿಯನ್ನೂ ಕೀಳುತ್ತದೆ, ತಮ್ಮದೇ ಶೇಂಗಾ ಅಲರ್ಜಿ ಹೋಗಿ ಹತ್ತು ವರ್ಷವಾಯಿತು.

ಮೇಲಿನ ಮಹಡಿಯ ನಿವೃತ್ತ ನರ್ಸ್ ಹಾಲವ್ವ, ವೈದ್ಯರು ತಡಕಾಡುತ್ತಿದ್ದ ಕಿಸೆಗೆ ಕೈಹಾಕಿ ಅಲರ್ಜಿಯ ತುರ್ತು ಸೂಜಿಯಾದ ಅಡ್ರಿನಲಿನ್ ಪೆನ್ ಹೊರಗೆಳೆದಳು. ಪ್ಯಾಂಟಿನ ಮೇಲಿಂದಲೇ ತೊಡೆಗೆ ಒತ್ತಿದಳು. "ಶಿವಾ, ಅಂಬುಲೆನ್ಸ್." ಅಪರಿಚಿತರೊಡನೆ ಫೋನಿನಲ್ಲಿ ತಡವರಿಸುವ ಅವಳ ಸೋದರಸೊಸೆ ಶಿವಕುಮಾರಿ ಅಂದು ತಡವರಿಸಲಿಲ್ಲ.

ವೈದ್ಯರು ಬದುಕಿದರು. ಪಲ್ಯದಲ್ಲಿ ಶೇಂಗಾ ಪುಡಿ ಇತ್ತು. ಅಡುಗೆಯ ಮರಾಠಿ ಹೆಂಗಸು ರೂಪಾಲಿಯನ್ನು ಜೈಲಿಗೆ ಹಾಕಿಸುತ್ತೇನೆಂದು ಅವರು ಪಟ್ಟು ಹಿಡಿದರು.

"ಶೆಂಗಾ ನಕೋ ಅಂತ ಮ್ಯಾಡಮ್ ಹೇಳಿದ್ರು. ಮೀ ಟಾಕಲ್ಯಾಚ್ ನಾಹೀತ್," ಎಂದು ರೂಪಾಲಿ ಅತ್ತಳು. ಬೇಡವೆಂದಿದ್ದರಂತೆ, ತಾನು ಹಾಕಲೇ ಇಲ್ಲವಂತೆ. ಯಾರೂ ನಂಬಲಿಲ್ಲ.

ಹಾಲವ್ವ ಮಾತ್ರ ಅಡುಗೆಮನೆಗೆ ಹೋಗಿ ನಿಂತಳು. ಬುಟ್ಟಿಯಲ್ಲಿ ಎರಡು ಕಟ್ಟು ನುಗ್ಗೆಕಾಯಿ ಬಾಡುತ್ತಿದ್ದವು. ಫ್ರಿಜ್ಜಿನ ಬಾಗಿಲಿಗೆ ಮಹಾದೇವಿಯ ಕೈಬರಹದ ಮರಾಠಿ ಚೀಟಿ: ಕೊತ್ತಂಬರಿ, ದಾಣೆ ಅರ್ಧ ಕಿಲೋ, ಶೆಂಗಾ ಎರಡು ಕಟ್ಟು. ಶಿವಕುಮಾರಿ ಅದನ್ನು ಓದಿದಳು, ಏನೂ ಹೊಳೆಯಲಿಲ್ಲ.

ಮೂರನೆಯ ಸಂಜೆ ಹಾಲವ್ವ ಎಲ್ಲರನ್ನೂ ಅದೇ ಹಾಲ್‌ಗೆ ಕರೆದಳು. ವೈದ್ಯರ ದೂರಿನ ಮೇಲೆ ಪೊಲೀಸರು ದಾರಿಯಲ್ಲಿದ್ದರು.

"ರೂಪಾಲಿ, ಆಮಟಿ ಸಾರಿಗೆ ನುಗ್ಗಿಕಾಯಿ ಯಾಕ ಹಾಕಲಿಲ್ಲ?"

"ಶೆಂಗಾ ನಕೋ ಅಂದ್ರಲ್ಲ, ಮಾವಶಿ."

"ಕೇಳಿದ್ರಿ? ನಮಗ ಶೇಂಗಾ ಅಂದ್ರ ನೆಲಗಡಲಿ. ಈಕಿ ಮರಾಠ್ಯಾಗ ಶೆಂಗಾ ಅಂದ್ರ ನುಗ್ಗಿಕಾಯಿ. ನೆಲಗಡಲಿಗೆ ದಾಣೆ ಅಂತಾರ. ಈಕಿ ನುಗ್ಗಿಕಾಯಿ ಬಿಟ್ಟಳು, ದಿನದ ಹಂಗ ದಾಣೆ ಪುಡಿ ಹಾಕಿದಳು."

ಮಹಾದೇವಿ ತಲೆ ತಗ್ಗಿಸಿದಳು. "ನನ್ನ ಮಾತಿನ ತಪ್ಪು."

"ತಪ್ಪಲ್ಲವ್ವ." ಹಾಲವ್ವ ಚೀಟಿಯನ್ನು ಮೇಜಿನ ಮೇಲಿಟ್ಟಳು. "ದಾಣೆ ಬ್ಯಾರೆ, ಶೆಂಗಾ ಬ್ಯಾರೆ ಅಂತ ಬರದಾಕಿ ನೀನ. ಆಕಿ ದಾಣೆ ಹಾಕ್ತಾಳ ಅಂತ ಗೊತ್ತಿದ್ದ ಹೇಳಿದಿ. ಇನ್ನ ಈ ವೈದ್ಯರು. ಅಲರ್ಜಿ ಹೋದಾಂವ ಕಿಸೆದಾಗ ಅಡ್ರಿನಲಿನ್ ಯಾಕ ಇಟ್ಟಾನು?"

ವೈದ್ಯರು ಕೆಮ್ಮಿದರು. ಮಹಾದೇವಿ ಮೆಲ್ಲಗೆ ತಲೆಯೆತ್ತಿದಳು.

"ಗೋರೆಗಾಂವ್‌ನಾಗ ನನ್ನ ತಂಗಿ ಮಗ ಇದ್ದ. ಆರು ವರ್ಷ, ಶೇಂಗಾ ಅಲರ್ಜಿ. ಇವರ ಪುಡ್ಯಾಗ ಶೇಂಗಾ ಇತ್ತು, ಚಿಟಿಕಿ ಚಿಟಿಕಿ ತಿನಿಸಿದ್ರ ರೂಢಿ ಆಗತದ ಅಂದ್ರು. ಮೂರನೇ ದಿನ ಉಸರು ಕಟ್ಟಿತು. ಫೋನ್ ಹಚ್ಚಿದ್ರ, ಬಿಸಿನೀರು ಕುಡಸ್ರಿ ಅಂದ್ರು. ಕೂಸು ಉಳೀಲಿಲ್ಲ." ಮಹಾದೇವಿ ವೈದ್ಯರನ್ನೇ ನೋಡುತ್ತ ಹೇಳಿದಳು. "ಮೊನ್ನೆ ಊಟಕ್ಕ ಕರದಾಗ ನನಗ ಗುಟ್ಟಿನ್ಯಾಗ ಹೇಳಿದ್ರು, ಶೇಂಗಾ ಮಾತ್ರ ಬ್ಯಾಡ್ರಿ ತಾಯಿ. ಅವತ್ತ ನಿಕ್ಕಿ ಮಾಡಿದೆ. ಇವರ ಔಷಧ ಇವರಿಗೇ ಉಣಿಸಿದೆ."

"ಚಿಟಿಕಿಯಿಂದ ರೂಢಿ ಮಾಡೋ ಚಿಕಿತ್ಸಾ ಖರೇನ ಐತಿ," ಎಂದಳು ಹಾಲವ್ವ. "ಆದ್ರ ತಜ್ಞ ಡಾಕ್ಟರ ಕಣ್ಣಮುಂದ, ತೂಕ ಮಾಡಿ, ಈ ಸೂಜಿ ಕೈಯಳತ್ಯಾಗ ಇಟ್ಕೊಂಡು. ಇವರು ಸೂಜಿ ತಮಗಿಟ್ಕೊಂಡ್ರು, ಬಿಸಿನೀರು ಕೂಸಿಗೆ ಕೊಟ್ರು."

"ನಾನು ಹಾಗೆ ಹೇಳೇ ಇಲ್ಲ," ಎಂದರು ವೈದ್ಯರು. "ಅಲರ್ಜಿ ಹೋಯ್ತು ಅಂತಾನೂ ಹೇಳಿಲ್ಲ. ಸಾಕ್ಷಿ ಏನಿದೆ?"

ಮೂಲೆಯಲ್ಲಿದ್ದ ಶಿವಕುಮಾರಿ ಎದ್ದಳು. "ಭಾಷಣ ಪೂರಾ ರೆಕಾರ್ಡ್ ಆಗ್ಯದ," ಎಂದು ಮೊಬೈಲ್ ಒತ್ತಿದಳು. ಹತ್ತು ವರ್ಷದ ಸುಳ್ಳು ಅವರದೇ ದನಿಯಲ್ಲಿ ಹಾಲ್ ತುಂಬಿತು.

ಬಾಗಿಲ ಗಂಟೆ ಬಡಿಯಿತು. ಮಹಾದೇವಿ ಸೆರಗು ಸರಿಮಾಡಿಕೊಂಡು ಎದ್ದಳು.

"ನಾನು ಬರ್ತೀನಿ, ರೂಪಾಲೀನ ಬಿಡ್ರಿ. ಒಂದ ಹೇಳು ಹಾಲವ್ವ. ಅವತ್ತ ಇವನ್ನ ಯಾಕ ಉಳಿಸಿದಿ?"

ಹಾಲವ್ವ ಖಾಲಿ ಪೆನ್ನನ್ನು ಚೀಟಿಯ ಪಕ್ಕದಲ್ಲಿಟ್ಟಳು.

"ಇವರೂ ಕಟಕಟ್ಯಾಗ ನಿಲ್ಲಾಕ ಜೀವ ಬೇಕಲ್ಲವ್ವ."