ಇಪ್ಪತ್ತೈದು ತುಂಬಿದ ಮೇಲೆ

“ಈ ಪಾಸ್ ನಡೆಯಲ್ಲ. ನಿಮಗೆ ಇಪ್ಪತ್ತೈದು ತುಂಬಿದೆ.”

ಚೆಕಿಂಗ್ ಇನ್ಸ್‌ಪೆಕ್ಟರ್ ಮೆಲ್ಲಗೇ ಹೇಳಿದ್ದ. ಆದರೆ ಕಿಕ್ಕಿರಿದ ಬಸ್ಸಿನಲ್ಲಿ ಹೆಣ್ಣಿನ ವಯಸ್ಸನ್ನು ಎಷ್ಟು ಮೆಲ್ಲಗೆ ಹೇಳಿದರೂ ಅದು ಕೊನೆಯ ಸೀಟಿನವರೆಗೆ ಕೇಳಿಸುತ್ತದೆ. ಹಿಂದೆ ಯಾರೋ ಕಿಸಕ್ಕೆಂದರು. ಪಕ್ಕದ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವಳಿಗೂ ವಿದ್ಯಾರ್ಥಿ ಪಾಸೇ ಎಂಬಂತೆ ಹುಬ್ಬೇರಿಸಿದಳು.

ಅವಳ ಕಿವಿ ಬಿಸಿಯಾಯಿತು. ತೊಡೆಯ ಮೇಲಿದ್ದ ರಟ್ಟಿನ ಡಬ್ಬವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಅದರೊಳಗಿದ್ದದ್ದು, ವಾರವಿಡೀ ಕೂತು ಮೇಣದ ಮೇಲೆ ಒಂದೊಂದಾಗಿ ಜೋಡಿಸಿದ್ದ ಹದಿನಾಲ್ಕು ಕೃತಕ ಹಲ್ಲು.

“ಕೋರ್ಸಿಗೆ ಸೇರಿದ ದಿನದ ವಯಸ್ಸು ಲೆಕ್ಕಕ್ಕೆ ಬರೋದು. ಕಾಲೇಜಿನ ಗುಮಾಸ್ತರೇ ಹೇಳಿದ್ದಾರೆ,” ಎಂದಳು.

ಅವನು ಪಾಸಿನ ಕಾರ್ಡನ್ನು ಮತ್ತೊಮ್ಮೆ ನೋಡಿದ. ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟ. ಆರು ದಿನದ ಹಿಂದೆ ಅವಳ ಹುಟ್ಟುಹಬ್ಬ ಆಗಿಹೋಗಿತ್ತು. ಅಂಥ ನಿಯಮ ತಾನು ಕಂಡಿಲ್ಲ, ಏನಿದ್ದರೂ ಪಾಸ್ ಆಫೀಸಿನಲ್ಲಿ ವಿಚಾರಿಸಿ ಎಂದು ಹೇಳಿ, ಕಾರ್ಡನ್ನು ಜೇಬಿಗಿಳಿಸಿ, ರಸೀದಿ ಹರಿದು ಕೊಟ್ಟ. ಪ್ರಯಾಣ ಮುಂದುವರಿಸುವುದಾದರೆ ಟಿಕೆಟ್ ತೆಗೆದುಕೊಳ್ಳಬೇಕಂತೆ.

ಅವಳು ತೆಗೆದುಕೊಳ್ಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟಳು.

ಇಳಿದ ಮೇಲೆ ಕಣ್ಣು ತುಂಬಿ ಬಂತು. ಅಳು ಬಂದದ್ದು ಪಾಸಿಗಲ್ಲ... ಆ ಹುಬ್ಬಿಗೆ.

ಓದುವ ವಯಸ್ಸಿನಲ್ಲಿ ಅವಳು ಓದಲಿಲ್ಲ ನಿಜ. ಅಪ್ಪ ಹಾಸಿಗೆ ಹಿಡಿದಾಗ ಅಮ್ಮನ ಪಕ್ಕದಲ್ಲಿ ಎರಡನೆಯ ಹೊಲಿಗೆ ಯಂತ್ರ ಹಾಕಿಕೊಂಡು ಕೂತವಳು, ಐದು ವರ್ಷ ಏಳಲಿಲ್ಲ. ಅಪ್ಪ ತೀರಿಕೊಂಡ ಮರುವರ್ಷ ಅಮ್ಮನೇ ಆ ಯಂತ್ರಕ್ಕೆ ಮುಸುಕು ಹಾಕಿ, ಇನ್ನು ನೀನು ಇದರ ಮುಂದೆ ಕೂತರೆ ನಾನು ಅನ್ನ ಮುಟ್ಟೋದಿಲ್ಲ ಎಂದು ಹಟ ಹಿಡಿದಿದ್ದಳು. ಹಾಗೆ ಸೇರಿದ್ದು, ದಂತ ಕಾಲೇಜಿನಲ್ಲಿ ಹಲ್ಲಿನ ಸೆಟ್ ಮಾಡುವುದನ್ನು ಕಲಿಸುವ ಎರಡು ವರ್ಷದ ಕೋರ್ಸಿಗೆ. ಕಾಲೇಜು ಊರಿನ ಆ ತುದಿ, ಮನೆ ಈ ತುದಿ. ವಿದ್ಯಾರ್ಥಿಗಳ ರಿಯಾಯಿತಿ ಪಾಸೊಂದೇ ಆ ಎರಡು ತುದಿಗಳನ್ನು ಕಟ್ಟಿದ್ದ ದಾರ.

ಪಾಸ್ ಆಫೀಸಿನ ಕಿಟಕಿಯಲ್ಲಿದ್ದವರು, ಇದನ್ನು ನೋಡುವ ಸಾಹೇಬರು ರಜೆ, ಮುಂದಿನ ವಾರ ಬನ್ನಿ ಎಂದರು. ಪೂರ್ತಿ ದರದಲ್ಲಿ ದಿನವೂ ಓಡಾಡುವುದು ಅವಳ ಕೈಲಾಗದ ಮಾತು. ಅರ್ಧ ದಾರಿ ಬಸ್ಸು, ಉಳಿದರ್ಧ ಕಾಲು ಎಂದು ತೀರ್ಮಾನಿಸಿದಳು. ಅಮ್ಮನಿಗೆ ಹೇಳಲಿಲ್ಲ. ಹಿಮ್ಮಡಿಯ ಬೊಬ್ಬೆ ಕಂಡು ಅಮ್ಮ ಕೇಳಿದಾಗ, ಹೊಸ ಚಪ್ಪಲಿ ಕಚ್ಚಿದೆ ಎಂದಳು. ಮನೆಯಲ್ಲಿ ಹೊಸ ಚಪ್ಪಲಿಯೇ ಇರಲಿಲ್ಲ.

ಐದನೆಯ ದಿನ ಹಾಗೆ ಕುಂಟುತ್ತ ನಡೆಯುವಾಗ ಪಕ್ಕದಲ್ಲೇ ಬಸ್ಸೊಂದು ನಿಧಾನವಾಯಿತು. ಬಾಗಿಲಲ್ಲಿ ಆ ಇನ್ಸ್‌ಪೆಕ್ಟರ್ ನಿಂತಿದ್ದ. ಅವಳ ಕಾಲು ನೋಡಿದ, ಡಬ್ಬ ನೋಡಿದ. ಅವಳು ಗದ್ದ ಮೇಲೆತ್ತಿ ಮುಖ ತಿರುಗಿಸಿದಳು.

‘ನೋಡಲಿ. ಚೆನ್ನಾಗಿ ನೋಡಲಿ.’

ಮುಂದಿನ ಸೋಮವಾರ, ಅದೇ ಬೆಳಗಿನ ಬಸ್ಸು. ಅವಳು ಅರ್ಧ ದಾರಿಯ ಟಿಕೆಟ್ ಹಿಡಿದು ಕೂತಿದ್ದಾಗ ಅವನು ಹತ್ತಿದ. ಯಾರ ಟಿಕೆಟ್ಟನ್ನೂ ಕೇಳಲಿಲ್ಲ. ನೇರ ಅವಳ ಸೀಟಿನ ಹತ್ತಿರ ಬಂದು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

“ಹೋದ ವಾರ ಇದೇ ಬಸ್ಸಲ್ಲಿ ಇವರ ಪಾಸ್ ಕಿತ್ತುಕೊಂಡಿದ್ದೆ,” ಎಂದ. ಈ ಸಲ ದನಿ ಮೆಲ್ಲಗಿರಲಿಲ್ಲ. “ಇವರು ಹೇಳಿದ್ದೇ ಸರಿ. ನಿಯಮ ಹಾಗೇ ಇದೆ. ತಪ್ಪು ನನ್ನದು.”

ಚಾಚಿದ ಅವನ ಕೈಯಲ್ಲಿ ಅವಳ ಕಾರ್ಡಿತ್ತು. ಅವಳಿಗೆ ಸಮಾಧಾನವಾಗುವ ಬದಲು ಸಿಟ್ಟು ಉಕ್ಕಿತು.

“ಐದು ದಿನ ನಡೆದಿದ್ದೀನಿ. ಕಾಲೆಲ್ಲ ಬೊಬ್ಬೆ.”

“ನೋಡಿದೆ. ನೋಡಿದ ಮೇಲೇ ನಿಯಮದ ಪುಸ್ತಕ ತೆಗೆದೆ. ಮೊದಲೇ ತೆಗೀಬೇಕಿತ್ತು.”

ಒಂದು ನೆಪವಿಲ್ಲ, ಒಂದು ‘ಆದರೆ’ ಇಲ್ಲ. ಇಷ್ಟು ಬತ್ತಲೆಯಾಗಿ ತಪ್ಪು ಒಪ್ಪಿಕೊಂಡ ಗಂಡಸನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಕೈ ಚಾಚಿ ಕಾರ್ಡ್ ತೆಗೆದುಕೊಂಡಳು.

ಅವನು ಇಳಿದುಹೋದ ಮೇಲೆ ವಯಸ್ಸಾದ ಕಂಡಕ್ಟರ್ ಉಳಿದದ್ದನ್ನು ಹೇಳಿದ. ಆ ನಿಯಮ ಪುಸ್ತಕದ ಕೊನೆಯ ಪುಟದಲ್ಲಿತ್ತಂತೆ. ಪಾಸನ್ನು ಅಂಚೆಯಲ್ಲಿ ಕಳಿಸಿ ಕೈತೊಳೆದುಕೊಳ್ಳಯ್ಯ ಎಂದು ಮೇಲಿನವರು ಹೇಳಿದರೂ, ನಾಲ್ಕು ಜನರ ಮುಂದೆ ಕಿತ್ತುಕೊಂಡದ್ದನ್ನು ನಾಲ್ಕು ಜನರ ಮುಂದೆಯೇ ಕೊಡಬೇಕು ಎಂದು ಅವನು ಪಟ್ಟು ಹಿಡಿದನಂತೆ. ತನ್ನ ತಪ್ಪನ್ನು ಬರೆದುಕೊಟ್ಟು ಬೈಸಿಕೊಂಡೂ ಬಂದಿದ್ದನಂತೆ.

ಅವತ್ತು ತರಗತಿಯಲ್ಲಿ ಅವಳು ಮೂರು ಹಲ್ಲನ್ನು ಹಿಂದುಮುಂದಾಗಿ ಜೋಡಿಸಿ ಮೇಷ್ಟ್ರ ಕೈಲಿ ಬೈಸಿಕೊಂಡಳು.

ಆಮೇಲೆ ವಾರಕ್ಕೆರಡು ಸಲವಾದರೂ ಅವನು ಆ ಬಸ್ಸು ಹತ್ತುತ್ತಿದ್ದ. ಅವಳು ಪಾಸ್ ತೋರಿಸುವಳು, ಅವನು ತಲೆಯಾಡಿಸುವನು. ಒಮ್ಮೆ ಅವನ ಕಣ್ಣು ಡಬ್ಬದ ಮೇಲೆ ಬಿದ್ದಾಗ ಅವಳೇ ಮುಚ್ಚಳ ತೆರೆದು ತೋರಿಸಿದಳು. ಹಲ್ಲಿನ ಸಾಲು ಕಂಡು ಅವನು ಒಂದು ಹೆಜ್ಜೆ ಹಿಂದೆ ಸರಿದ ರೀತಿಗೆ ಅವಳಿಗೆ ನಗು ತಡೆಯಲಾಗಲಿಲ್ಲ. ಕಾಲೇಜಿನಲ್ಲಿ ವಯಸ್ಸಾದವರಿಗೆ ವಿದ್ಯಾರ್ಥಿಗಳೇ ಪುಕ್ಕಟೆಯಾಗಿ ಸೆಟ್ ಮಾಡಿಕೊಡುತ್ತಾರೆ ಎಂದು ಹೇಳಿದಳು.

ಮರುವಾರ ಅವನು ತನ್ನ ಅಜ್ಜಿಯನ್ನು ಕಾಲೇಜಿಗೆ ಕರೆದುಕೊಂಡು ಬಂದ. ತಾಯಿಯಿಲ್ಲದ ಅವನನ್ನು ಸಾಕಿದವಳು ಆ ಅಜ್ಜಿ. ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲದಿದ್ದರೂ ಮಾತಿಗೆ ಬರವಿರಲಿಲ್ಲ. ಕುರ್ಚಿಯಲ್ಲಿ ಕೂತವಳೇ, ಇವನು ಬಸ್ಸಿಂದ ಇಳಿಸಿದ ಹುಡುಗಿ ನೀನೇನಾ, ಮನೇಲಿ ಬರೀ ನಿಂದೇ ಜಪ ಕಣೇ ಎಂದುಬಿಟ್ಟಳು. ಬಾಗಿಲ ಹೊರಗಿನ ಬೆಂಚಿನಲ್ಲಿದ್ದವನು ನೋಟೀಸು ಬೋರ್ಡು ಓದಲು ಎದ್ದುಹೋದ. ಅದರ ಮೇಲೆ ಒಂದು ಕಾಗದವೂ ಇರಲಿಲ್ಲ.

ಅಚ್ಚು ತೆಗೆಯಲು ಒಂದು ದಿನ, ಅಳತೆಗೆ ಒಂದು ದಿನ, ಮೇಣದ ಸೆಟ್ ಇಟ್ಟು ನೋಡಲು ಮತ್ತೊಂದು ದಿನ. ಅಜ್ಜಿ ಒಳಗೆ ಬಾಯಿ ತೆರೆದರೆ, ಕೆಲಸ ಮುಗಿದ ಮೇಲೆ ಆ ಬೆಂಚಿನಲ್ಲಿ ಇವರಿಬ್ಬರೂ ಮೆಲ್ಲನೆ ಬಾಯಿ ತೆರೆದರು. ಅವಳು ಅಪ್ಪನ ಬಗ್ಗೆ ಹೇಳಿದಳು. ಅವನು ಕೇಳಿದ, ನಡುವೆ ಒಂದು ಮಾತೂ ಹಾಕದೆ.

ಆಮೇಲೆ ಇದ್ದಕ್ಕಿದ್ದಂತೆ ಅವನು ಬಸ್ಸಿನಲ್ಲಿ ಕಾಣಲಿಲ್ಲ.

ಒಂದು ವಾರ. ಎರಡು ವಾರ. ದಪ್ಪ ಮೀಸೆಯ ಬೇರೆ ಇನ್ಸ್‌ಪೆಕ್ಟರ್ ಹತ್ತತೊಡಗಿದ. ಸೆಟ್ ಸಿದ್ಧವಾದ ದಿನ ಅಜ್ಜಿ ಪಕ್ಕದ ಮನೆಯವಳ ಜೊತೆ ಬಂದಳು.

‘ಹಲ್ಲು ಆಯ್ತಲ್ಲ... ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!’ ಎಂದು ಮನಸ್ಸಿನಲ್ಲೇ ಅಂದುಕೊಂಡಳು ಅವಳು.

ಅವಳ ಕಣ್ಣಲ್ಲಿದ್ದುದನ್ನು ಅಜ್ಜಿ ಓದಿದಳು. ಅವನೇ ಬರೆದುಕೊಟ್ಟು ಬೇರೆ ರೂಟು ಕೇಳಿಕೊಂಡ ಎಂದಳು. ಅವಳ ಎದೆಗೆ ಸೂಜಿ ಚುಚ್ಚಿದಂತಾಯಿತು. ಅಜ್ಜಿ ಹೊಸ ಹಲ್ಲನ್ನು ಕಟಕಟ ಎನಿಸಿ ನೋಡಿ, ಅವಳ ಕೈ ಹಿಡಿದಳು.

“ಯಾಕೆ ಅಂತ ಅವನನ್ನೇ ಕೇಳು ಮಗಾ. ನನ್ನ ಬಾಯಿಗೆ ಹಲ್ಲು ಕೊಟ್ಟೆ. ಅವನ ಬಾಯಿಗೆ ಮಾತು ಕೊಡೋಕಾಗುತ್ತಾ ನೋಡು.”

ಮರುದಿನ ಮಧ್ಯಾಹ್ನ ಅವಳು ಬಸ್ ಡಿಪೋಗೆ ಹೋದಳು. ತೊಳೆದು ನಿಲ್ಲಿಸಿದ್ದ ಬಸ್ಸುಗಳ ಹಿಂದೆ, ನೆರಳಿನ ಕಟ್ಟೆಯ ಮೇಲೆ ಅವನು ಊಟದ ಡಬ್ಬಿ ಬಿಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

“ನನ್ನ ಮುಖ ನೋಡಬಾರದು ಅಂತ ರೂಟು ಬದಲಾಯಿಸಿದ್ರಾ?”

“ಅಲ್ಲ...” ಅವನ ಕೈ ಸುಮ್ಮನೆ ಡಬ್ಬಿಯ ಮುಚ್ಚಳ ತಿರುಗಿಸುತ್ತಿತ್ತು. “ಚೆಕ್ ಮಾಡೋನಿಗೆ ಬಸ್ಸಲ್ಲಿ ಎಲ್ಲರೂ ಒಂದೇ ಆಗಿರಬೇಕು. ನನಗೆ ಹಾಗಿರಲಿಲ್ಲ. ಮೂರು ತಿಂಗಳಿಂದ ನೀವು ಪಾಸ್ ತೋರಿಸ್ತಾ ಇದ್ರಿ, ನಾನು ಒಂದು ದಿನವೂ ಪಾಸ್ ನೋಡಲಿಲ್ಲ. ನಿಮ್ಮನ್ನೇ ನೋಡ್ತಿದ್ದೆ. ಅದು ಕೆಲಸಕ್ಕೆ ದ್ರೋಹ ಅನ್ನಿಸ್ತು.”

“ಹೇಳಬಹುದಿತ್ತು.”

“ಪಾಸ್ ಕಿತ್ಕೊಳ್ಳೋ ಅಧಿಕಾರ ಇರೋನು ಬಂದು ಹೀಗೆ ಕೇಳಿದ್ರೆ, ಹೆದರಿ ಹೂಂ ಅಂತೀರೇನೋ ಅಂತ. ಈಗ ನಾನು ನಿಮ್ಮ ಬಸ್ಸಿನವನಲ್ಲ. ನೀವು ಧೈರ್ಯವಾಗಿ ಇಲ್ಲ ಅನ್ನಬಹುದು. ನಾಳೆ ಬಂದು ಕೇಳೋಣ, ನಾಳೆ ಕೇಳೋಣ ಅಂತ ದಿನ ದೂಡಿದೆ.”

ಅವಳ ಸಿಟ್ಟೆಲ್ಲ ಎಲ್ಲಿ ಕರಗಿತೋ. ಕಟ್ಟೆಯ ಈ ಕೊನೆಯಲ್ಲಿ ಮೆಲ್ಲನೆ ಕೂತಳು.

“ಬಾಗಿಲು ನೋಡ್ತಾ ನೋಡ್ತಾ ಎರಡು ಸಲ ನನ್ನ ಸ್ಟಾಪೇ ದಾಟಿಹೋಯ್ತು ಗೊತ್ತಾ?”

ಅವನು ನಗಲಿಲ್ಲ. ಕಣ್ಣು ಮಾತ್ರ ಹೊಳೆಯಿತು. ಊಟ ಆಯಿತೇ ಎಂದು ಕೇಳಿದ. ಸಿಟ್ಟಿನಲ್ಲಿ ಉಂಡಿಲ್ಲ ಎಂದಳು. ಅವನು ಡಬ್ಬಿಯ ಮುಚ್ಚಳದಲ್ಲಿ ಅರ್ಧ ಅನ್ನ ಹಾಕಿ ಅವಳ ಕಡೆ ಸರಿಸಿದ. ಇಬ್ಬರೂ ಉಣ್ಣತೊಡಗಿದರು.

“ನಿಮಗೆ ಒಪ್ಪಿಗೆ ಇದ್ರೆ... ಪರೀಕ್ಷೆ ಮುಗಿದ ಮೇಲೆ ಅಜ್ಜಿನ ಕರ್ಕೊಂಡು ನಿಮ್ಮನೆಗೆ ಬರ್ತೀನಿ.”

“ಅಲ್ಲಿವರೆಗೆ ಯಾಕೆ? ಭಾನುವಾರವೇ ಬನ್ನಿ.” ಅವಳ ಕಣ್ಣು ಅನ್ನದ ಮೇಲೇ ಇತ್ತು. “ಅಜ್ಜಿ ಎಷ್ಟು ಬೇಕಾದ್ರೂ ಮಾತಾಡಲಿ. ಆದ್ರೆ ಅಮ್ಮನ ಮುಂದೆ ಈ ಮಾತು ನೀವೇ ಹೇಳಬೇಕು.”

“ಹೇಳ್ತೀನಿ. ಇವತ್ತಿನ ಹಾಗೆ ತೊದಲದೆ, ಇನ್ನೂ ಚೆನ್ನಾಗಿ ಹೇಳ್ತೀನಿ.”

“ಬೇಡ,” ಎಂದಳು ಅವಳು. “ಹೀಗೇ ಹೇಳಿ... ಹೀಗೇ ಚೆನ್ನಾಗಿತ್ತು.”