ಸಾಲಿನ ಕೊನೆಯವಳು

ಇಬುಕಿ ಮತ್ತೆ ನಿಂತುಬಿಟ್ಟ. ಚರಂಡಿಯ ಮೇಲೆ ಬಗ್ಗಿ, "ಏಡಿ ಇದೆ, ಏಡಿ" ಅಂದ. ಅವನಿನ್ನೂ ಒಂದನೇ ಕ್ಲಾಸು. ಅವನು ನಿಂತರೆ ಇಡೀ ಸಾಲೇ ನಿಂತ ಹಾಗೆ.

ಸಾಲಿನ ಕೊನೆಯಲ್ಲಿದ್ದ ಚಿಜುರುಗೆ ಮೈಯೆಲ್ಲ ಉರಿಯಿತು. ನಮ್ಮ ಜಪಾನಿನಲ್ಲಿ ಹೀಗೇ, ಒಂದು ಬೀದಿಯ ಮಕ್ಕಳೆಲ್ಲ ಬೆಳಿಗ್ಗೆ ಒಟ್ಟಿಗೇ ಶಾಲೆಗೆ ನಡೆಯಬೇಕು. ಮುಂದೆ ಬಾವುಟ ಹಿಡಿದ ಲೀಡರ್, ಆರನೇ ಕ್ಲಾಸಿನ ಅಕಾನೆ. ನಡುವೆ ಚಿಕ್ಕವರು. ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳೋಕೆ ಕೊನೆಯಲ್ಲಿ ಐದನೇ ಕ್ಲಾಸಿನ ಚಿಜುರು. ಎಲ್ಲರ ನಡಿಗೆಯ ವೇಗ ಮಾತ್ರ ಇಬುಕಿಯ ಪುಟ್ಟ ಕಾಲಿನದು!

ಅಲ್ಲಿ ಶಾಲೆಯ ಮೈದಾನದಲ್ಲಿ ಒಂಟಿಚಕ್ರದ ಸೈಕಲ್‌ಗಳಿವೆ. ಅವಳ ಕಾಲಿಗೆ ಸರಿಹೋಗೋದು ಕೆಂಪು ಸೈಕಲ್ ಒಂದೇ. ಮೊದಲು ಬಂದವರಿಗೆ ಅದು. ಕ್ರೀಡಾದಿನ ಹತ್ತಿರ ಬಂದಿತ್ತು. ಅಷ್ಟರೊಳಗೆ ಹಿಂದಕ್ಕೆ ಓಡಿಸೋದು ಕಲಿತರೆ, ಇಡೀ ಶಾಲೆಯ ಮುಂದೆ ಅವಳೊಬ್ಬಳೇ ಓಡಿಸಬಹುದು.

ಇವರ ಜೊತೆ ಹೋದರೆ ಆದ ಹಾಗೇ ಇದೆ ಅಂದುಕೊಂಡಳು. ಎಲ್ಲರೂ ಏಡಿ ನೋಡುತ್ತಿರುವಾಗ ಪಕ್ಕದ ಓಣಿಗೆ ನುಗ್ಗಿ ಓಟ ಕಿತ್ತಳು.

ಕೆಂಪು ಸೈಕಲ್ ಸಿಕ್ಕಿತು. ಅಬ್ಬಾ, ಎಂಥ ಖುಷಿ! ಬೀಳುತ್ತ ಏಳುತ್ತ ಹಿಂದಕ್ಕೆ ಅರ್ಧ ಸುತ್ತು ಹೋಗಿಯೇಬಿಟ್ಟಳು. ಆದರೆ ಬೆಲ್ ಹೊಡೆದರೂ ಅವಳ ಬೀದಿಯವರು ಬರಲೇ ಇಲ್ಲ.

ಕೊನೆಗೆ ಬಂದರು, ಬೆವರು ಸುರಿಸಿಕೊಂಡು. ರಸ್ತೆ ದಾಟುವ ಮೊದಲು ಅಕಾನೆ ತಲೆ ಎಣಿಸಿದ್ದಳಂತೆ. ಒಂದು ಕಡಿಮೆ. ಹಾಗಾದರೆ ಯಾರೂ ದಾಟುವ ಹಾಗಿಲ್ಲ. ಎಲ್ಲರೂ ಬಂದ ದಾರಿಯಲ್ಲೇ ವಾಪಸ್ ಹೋಗಿ ಅವಳನ್ನು ಹುಡುಕಿದ್ದರು. ಇಬುಕಿಯ ಹಳದಿ ಟೋಪಿ, ಮೊಣಕಾಲು ಎಲ್ಲ ಕೆಸರು.

"ಚರಂಡಿಯೊಳಗೂ ನೋಡ್ದೆ ಅಕ್ಕ," ಅಂದ ಅವನು. "ನೀನು ಇರ್ಲಿಲ್ಲ."

ಚಿಜುರುಗೆ ತುಂಬಾ ನಾಚಿಕೆಯಾಯಿತು. ಅಕಾನೆ ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ನಡು ಬಗ್ಗಿಸಿ ಎಲ್ಲರಿಗೂ ತಪ್ಪಾಯ್ತು ಅಂದಳು. ಆದರೆ ಸೈಕಲ್ಲಿನ ಆಸೆ ಹೋಗಲಿಲ್ಲ. ಯಾಕಾದರೂ ಹೋಗಬೇಕು?

ಮಾರನೆಯ ಬೆಳಿಗ್ಗೆ ಎಲ್ಲರೂ ಸೇರಿದಾಗ ನೇರವಾಗಿ ಹೇಳಿದಳು. "ನಂಗೆ ಸೈಕಲ್ ಪ್ರಾಕ್ಟೀಸ್ ಮಾಡ್ಬೇಕು. ನಾಳೆಯಿಂದ ಸ್ವಲ್ಪ ಬೇಗ ಹೊರಡೋಣ್ವಾ? ಗೇಟ್ ಬರೋವರೆಗೂ ನಾನು ಕೊನೇಲೇ ಇರ್ತೀನಿ."

"ಇದನ್ನ ನಿನ್ನೇನೇ ಹೇಳೋಕೆ ಬಾಯಿಗೇನಾಗಿತ್ತು?" ಅಂದಳು ಅಕಾನೆ. ಗೊಣಗುತ್ತಲೇ ಒಪ್ಪಿದಳು. ಇಬುಕಿ ನಿದ್ದೆ ಹಾಳಾಗುತ್ತೆ ಅಂತ ಮುಖ ಊದಿಸಿಕೊಂಡ, ಆಮೇಲೆ ತಾನೂ ಒಪ್ಪಿದ.

ಮರುದಿನ ಸಾಲು ಬೇಗ ಹೊರಟಿತು. ಚಿಕ್ಕವರೆಲ್ಲ ಗೇಟಿನೊಳಗೆ ಹೋದ ಮೇಲೆ ಚಿಜುರು ಕಾಲಿಟ್ಟಳು. ಅಕಾನೆ ಬಾವುಟ ಇಳಿಸಿದಳು.

"ಈಗ ಓಡಕ್ಕ," ಅಂದ ಇಬುಕಿ.

ಚಿಜುರು ಓಡಿದಳು. ಈ ಸಲ ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಅಂತ ಎಲ್ಲರಿಗೂ ಗೊತ್ತಿತ್ತು.