ಹವಳಕ್ಕೊಂದು ಐಸ್ ಗಡ್ಡೆ

“ಯಾರು ತೀರ್ಕೊಂಡಾರ್ರೀ?” ಆನಂದ ಮೆತ್ತಗೆ ಕೇಳಿದ.

ಮೇ ತಿಂಗಳ ಮಟಮಟ ಮಧ್ಯಾಹ್ನ. ಮಾನ್ವಿಯಲ್ಲಿರುವ ಅವನ ಐಸ್ ಫ್ಯಾಕ್ಟರಿಗೆ ಒಬ್ಬ ಹೆಣ್ಣುಮಗಳು ಏದುಸಿರು ಬಿಡುತ್ತ ಬಂದು, ದೊಡ್ಡ ಗಡ್ಡೆಯೇ ಬೇಕು, ಈಗಲೇ ಬೇಕು ಎಂದರೆ ಅದಕ್ಕೆ ಒಂದೇ ಅರ್ಥ. ಮನೆಯಲ್ಲಿ ಹೆಣ ಇದೆ, ದೂರದ ನೆಂಟರು ಬರುವವರೆಗೆ ಅದು ಕೆಡಬಾರದು.

“ಯಾರೂ ತೀರ್ಕೊಂಡಿಲ್ಲ,” ಎಂದಳು ಸಂಘಮಿತ್ರಾ. “ತಡ ಮಾಡಿದ್ರ ತೀರ್ಕೋತಾವ.”

“ಏನು?”

“ಹವಳ.”

ಆನಂದನಿಗೆ ಗೊತ್ತಿದ್ದ ಹವಳ ಉಂಗುರದಲ್ಲಿ ಕೂಡಿಸುವ ಕೆಂಪು ಹರಳು. ಅದು ಸಾಯುವುದು ಹೇಗೆ ಎಂದು ಕೇಳುವಷ್ಟು ಪುರಸೊತ್ತು ಅವಳ ಮುಖದಲ್ಲಿ ಕಾಣಲಿಲ್ಲ. ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಟಂಟಂ ಆಟೊಗೆ ಹಾಕಿಕೊಂಡು ಅವಳ ಸ್ಕೂಟಿಯ ಹಿಂದೆ ಹೊರಟ.

ಸಂಘಮಿತ್ರಾ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ತಾಯಿ ಯಮನಮ್ಮನ ಜೊತೆ ಇದ್ದಳು. ಆ ಮನೆಯ ಮುಂದಿನ ಕೋಣೆಗೆ ಕಾಲಿಟ್ಟ ಆನಂದ ಅಲ್ಲೇ ನಿಂತುಬಿಟ್ಟ. ಮಂಚದಷ್ಟು ಉದ್ದದ ಗಾಜಿನ ತೊಟ್ಟಿ. ನೀಲಿ ಬೆಳಕು. ಒಳಗೆ ಕಲ್ಲುಗಳ ಮೇಲೆ ಹಸಿರು, ನೇರಳೆ ಬಣ್ಣದ ಜೀವಂತ ಹವಳಗಳು ಬೆರಳಾಡಿಸಿದಂತೆ ತೂಗುತ್ತಿದ್ದವು. ನಡುವೆ ಕಿತ್ತಳೆ ಬಣ್ಣದ ಜೋಡಿ ಮೀನು. ಕಡಲು ಇಲ್ಲಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ಸಂಘಮಿತ್ರಾ ಆ ಕಡಲನ್ನು ಬಕೆಟ್‌ನಲ್ಲೇ ಕಲಸುತ್ತಿದ್ದಳು, ಶುದ್ಧ ಮಾಡಿದ ನೀರಿಗೆ ಅದಕ್ಕೆಂದೇ ಬರುವ ಉಪ್ಪು ಹಾಕಿ.

ನೀರು ತಂಪಿಡುವ ಚಿಲ್ಲರ್ ಕೆಟ್ಟಿತ್ತು. ಅದರ ಪಾರ್ಟ್ ಹೈದರಾಬಾದಿನಿಂದ ಬರಬೇಕಿತ್ತು. ಅಂಚಿನ ಹವಳಗಳು ಆಗಲೇ ಬಣ್ಣ ಬಿಟ್ಟು ಬಿಳಿಚಿಕೊಂಡಿದ್ದವು.

ಆನಂದ ಐಸ್ ಒಡೆದು ತುಂಡನ್ನು ನೀರಿಗೆ ಹಾಕಲು ಹೋದ. ಸಂಘಮಿತ್ರಾ ಗಬಕ್ಕನೆ ಅವನ ಮಣಿಕಟ್ಟು ಹಿಡಿದಳು.

“ಹಂಗ ಹಾಕಬ್ಯಾಡ್ರಿ. ಐಸ್ ಕರಗಿದ್ರ ಸಿಹಿನೀರು. ಉಪ್ಪು ಇಳೀತದ, ಎಲ್ಲಾ ಹೋಗ್ತಾವ.”

“ಕೈ ಬಿಡ್ರಿ, ಹಾಕಂಗಿಲ್ಲ.”

ಅವಳು ಕೈ ಬಿಟ್ಟಳು. ಬಿಡುವುದು ಸ್ವಲ್ಪ ತಡವಾಯಿತೆಂದು ಇಬ್ಬರಿಗೂ ಗೊತ್ತಾಯಿತು. ಆ ದಿನ ಐಸನ್ನು ಬಾಟಲಿಗಳಲ್ಲಿ ತುಂಬಿ, ಮುಚ್ಚಳ ಬಿಗಿದು ತೇಲಿಬಿಟ್ಟರು.

ಮರುದಿನ ಅವನು ಸುರುಳಿ ಸುತ್ತಿದ ತಾಮ್ರದ ಪೈಪ್ ತಂದ. ಅದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ತೊಟ್ಟಿಯ ನೀರನ್ನು ಅದರೊಳಗೆ ಹಾಯಿಸಬೇಕೆಂಬುದು ಅವನ ಯೋಚನೆ.

“ಯೋಚನೆ ಚಲೋ ಅದ. ತಾಮ್ರ ಮಾತ್ರ ಹವಳಕ್ಕ ವಿಷ,” ಎಂದಳು.

ಅವನು ಹೋಗಿ ಪ್ಲಾಸ್ಟಿಕ್ ಪೈಪ್ ತಂದ. ಪಂಪ್ ಓಡಿತು. ಥರ್ಮಾಮೀಟರ್ ನಿಧಾನವಾಗಿ ಇಳಿಯುವುದನ್ನು ಇಬ್ಬರೂ ನೆಲದ ಮೇಲೆ ಕೂತು ನೋಡಿದರು.

“ನಮ್ಮ ಫ್ಯಾಕ್ಟರಿಯಾಗೂ ಉಪ್ಪುನೀರೇ ಇರೋದು,” ಎಂದ ಆನಂದ. “ಅದರಾಗ ನೀರಿನ ಡಬ್ಬಿ ಮುಳುಗಿಸಿ ಐಸ್ ಮಾಡ್ತೀವಿ.”

“ಅದರಾಗ ಏನರ ಜೀವ ಅದಾವೇನು?”

“ದಂಡಿ ಮ್ಯಾಲ ನಾ ಒಬ್ಬಾವ ಅದೀನಿ.”

ಅವಳು ನಕ್ಕಳು. ನಗುವಾಗ ಅವಳ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವುದನ್ನು ಅವನು ನೋಡಿಟ್ಟುಕೊಂಡ.

ದಿನಾ ಐಸ್ ಬಂತು, ಅದರ ಜೊತೆ ಅವನೂ ಬಂದ. ಆವಿಯಾದಷ್ಟು ಸಿಹಿನೀರನ್ನು ಮಾತ್ರ ತುಂಬಬೇಕೆಂದು, ಉಪ್ಪು ಆವಿಯಾಗುವುದಿಲ್ಲವೆಂದು ಕಲಿತ. ಅವಳು ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಹನಿಹನಿಯಾಗಿ ಮದ್ದು ಬಿಟ್ಟು ಪರೀಕ್ಷೆ ಮಾಡುವಾಗ ಪಕ್ಕದಲ್ಲೇ ಕೂರುತ್ತಿದ್ದ.

“ಬಣ್ಣ ಬದಲಾಗೋದು ನೋಡ್ರಿ ಅಂದ್ರ ನನ್ನ ಮಾರಿ ನೋಡಾಕತ್ತೀರಲ್ಲ.”

“ಎಲ್ಲಿ ಬದಲಾಗಾಕತ್ತದೋ ಅಲ್ಲೇ ನೋಡಾಕತ್ತೀನಿ.”

ಅವಳು ನಳಿಗೆಯತ್ತ ಬಗ್ಗಿದಳು. ಎಷ್ಟು ಹನಿ ಬಿಟ್ಟೆ ಎಂಬುದು ಮರೆತುಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು.

ಬಿಳಿಚಿದ್ದರಲ್ಲಿ ಬಹಳಷ್ಟಕ್ಕೆ ಬಣ್ಣ ಮರಳಿತು. ಎಲ್ಲಕ್ಕಿಂತ ಹಳೆಯದೊಂದು ಉಳಿಯಲಿಲ್ಲ. ಕೊಳೆತರೆ ಉಳಿದವಕ್ಕೂ ಕೇಡು, ಹಾಗಾಗಿ ಅವಳೇ ಅದನ್ನು ಕಲ್ಲಿನಿಂದ ಕೆರೆದು ತೆಗೆದಳು. ಕಣ್ಣು ತುಂಬಿತ್ತು. ಆನಂದ ಬಕೆಟ್ ಹಿಡಿದು ಕೆಲಸ ಮುಗಿಯುವವರೆಗೆ ನಿಂತಿದ್ದ. ಅವನು ಹೋದ ಮೇಲೆ ಅವಳಿಗೆ ನೆನಪಾದದ್ದು ಹವಳಕ್ಕಿಂತ ಹೆಚ್ಚಾಗಿ ಆ ನಿಂತ ರೀತಿ.

ಚಿಲ್ಲರ್ ರಿಪೇರಿಯಾಯಿತು. ಅವನು ಬರುವುದು ನಿಲ್ಲಲಿಲ್ಲ.

“ಮಷೀನ್ ಸುದ್ದ ಆತಲ್ಲಪಾ, ಇನ್ನ ಐಸ್ ಯಾಕ?” ಎಂದಳು ಯಮನಮ್ಮ.

“ಶರಬತ್ತಿಗೆ ಬರ್ತದ್ರೀ.”

ಮಳೆಗಾಲದ ಹೊತ್ತಿಗೆ ಶಕ್ತಿನಗರದಿಂದ ಒಂದು ಸಂಬಂಧ ಬಂತು. ಹುಡುಗ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್. ಒಳ್ಳೆಯವನೇ. ತೊಟ್ಟಿಯನ್ನು ಕುತೂಹಲದಿಂದ ನೋಡಿ, “ಕ್ವಾರ್ಟರ್ಸ್‌ನಾಗ ಇಷ್ಟು ದೊಡ್ಡದು ಹಿಡಿಯಂಗಿಲ್ಲ. ಸಣ್ಣ ಬೌಲ್ ಇಟ್ಕೋಬಹುದು,” ಎಂದ. ಯೋಚಿಸಿ ಹೇಳುತ್ತೇನೆ ಎಂದಳು ಸಂಘಮಿತ್ರಾ. ಯಮನಮ್ಮ ಯೋಚಿಸುತ್ತ ಕೂರಲಿಲ್ಲ. ಐಸ್ ತಂದ ಆನಂದನನ್ನು ಬಾಗಿಲಲ್ಲೇ ಕೇಳಿದಳು, “ಇಕಿಗೆ ಇಂಜಿನಿಯರ್ ವರ ಬಂದಾನ, ಅಲ್ಲಿ ಈ ತೊಟ್ಟಿ ಹಿಡಿಯಂಗಿಲ್ಲಂತ. ಇದನ್ನಿಡಾಕ ನಿಮ್ಮಲ್ಲಿ ಜಾಗ ಅದ ಏನಪಾ?”

“ಅದ ರೀ,” ಎಂದ.

ಆಮೇಲೆ ಕೆಲವು ದಿನ ಅವನ ಸುಳಿವಿಲ್ಲ. ನಂತರ ಸಂಘಮಿತ್ರಾಳಿಗೆ ಒಂದು ಮೆಸೇಜ್ ಬಂತು: ತೊಟ್ಟಿಗೆ ಜಾಗ ರೆಡಿ ಅದ, ನೋಡಿ ಹೋಗ್ರಿ.

ಫ್ಯಾಕ್ಟರಿಯ ಹಿಂದೆಯೇ ಅವನ ಮನೆ. ಇದ್ದ ಒಂದೇ ಕೋಣೆ ಖಾಲಿಯಾಗಿತ್ತು. ಕಬ್ಬಿಣದ ಸ್ಟ್ಯಾಂಡ್, ಇನ್ವರ್ಟರ್, ಗೋಡೆಯಲ್ಲಿ ಹೊಸ ಫಿಲ್ಟರ್.

“ನಿಮ್ಮ ಮಂಚ ಎಲ್ಲಿ?”

“ಪಡಸಾಲಿಗಿ ಹಾಕೀನಿ.”

ಸಂಘಮಿತ್ರಾಳಿಗೆ ಸಿಟ್ಟು ಬಂತು.

“ನನ್ನ ಕಳಸಾಕ ಭಾಳ ಅವಸರ ಮಾಡೀರಿ.”

“ನಿಮ್ಮವ್ವ ಕೇಳಿದ್ರು.”

“ಅವ್ವ ಕೇಳಿದ್ರು, ನೀವು ಹೂಂ ಅಂದ್ರಿ. ನನ್ನನ್ನ ಒಂದು ಮಾತು ಕೇಳಿದ್ರೇನು?”

“ಏನಂತ ಕೇಳ್ಲಿ? ಅವರು ಇಂಜಿನಿಯರ್. ನಾ ಐಟಿಐ ಮಾಡಿ ಐಸ್ ಮಾರಾವ.” ಅವನು ಸ್ಟ್ಯಾಂಡಿನ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದ. “ಹವಳ ಇಲ್ಲಿದ್ರ ನೋಡಾಕರ ಬರ್ತೀರಿ ಅನ್ಕೊಂಡೆ. ವರ್ಷಕ್ಕೊಮ್ಮಿ ಬಂದ್ರೂ ಸಾಕಿತ್ತು.”

ಗೋಡೆಯಾಚೆ ಕಂಪ್ರೆಸರ್ ದಡದಡ ಓಡುತ್ತಿತ್ತು.

“ವರ್ಷಕ್ಕೊಮ್ಮಿ ನೋಡಿದ್ರ ಬದುಕಂಗಿಲ್ಲ. ದಿನಾ ನೋಡ್ಬೇಕಾಗ್ತದ.”

“ನಾ ನೋಡ್ಕೋತೀನಿ. ಕಲಿಸಿ ಕೊಟ್ಟೀರಲ್ಲ.”

“ಆನಂದ, ನಾ ಹವಳದ ಮಾತು ಆಡಾಕತ್ತಿಲ್ಲ.”

ಅವನ ಬೆರಳು ನಿಂತಿತು. ತಲೆ ಎತ್ತಿದ. ಅವಳು ಕಣ್ಣು ತಪ್ಪಿಸಲಿಲ್ಲ.

“ಹೋಗಬ್ಯಾಡ,” ಎಂದ. ‘ರಿ’ ಬಿಟ್ಟು ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

“ಹೂಂ,” ಎಂದಳು.

ಇಬ್ಬರೂ ಖಾಲಿ ಸ್ಟ್ಯಾಂಡಿಗೆ ಒರಗಿ ಕೂತರು. ಅವಳ ಕೈಯನ್ನು ಈ ಸಲ ಅವನು ಹಿಡಿದ.

ಸಂಜೆ ಯಮನಮ್ಮ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. ಮಗಳು ಎದುರು ಕೂತು, ಶಕ್ತಿನಗರದ ಸಂಬಂಧ ಬೇಡ ಎಂದಳು.

“ಮೀನಿನ ಸಲುವಾಗಿ ಅಂಥ ಹುಡುಗನ್ನ ಬಿಡ್ತೀಯೇನ ಬೇ?”

“ಮೀನಿನ ಸಲುವಾಗಿ ಅಲ್ಲವ್ವಾ. ಆನಂದನ ಸಲುವಾಗಿ.”

ಯಮನಮ್ಮನ ಕೈ ನಿಂತಿತು. ಮಗಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು.

“ಅವನ ಕಡಿ ಹಿರ್ಯಾರು ಯಾರದಾರ?”

“ಒಬ್ಬಾಕಿ ಅಕ್ಕ ಅದಾಳ. ಮಲ್ಲಟದಾಗ.”

“ಹಂಗಾರ ನಾಳಿ ಮುಂಜಾನಿ ಮಲ್ಲಟದ ಬಸ್ ಹಿಡೀತೀನಿ,” ಎಂದು ಯಮನಮ್ಮ ಇನ್ನೊಂದು ಸಿವುಡು ಬಿಚ್ಚಿ, ಅರ್ಧ ಸೊಪ್ಪನ್ನು ಮಗಳ ಮುಂದೆ ಸರಿಸಿದಳು.